ಪಹಣಿಯಲ್ಲಿ ಹೆಸರಿದ್ದರೆ ಸಾಕೇ? ‘ನಿರ್ಣಾಯಕ’ ಎಂಬ ಪದ ಕಾನೂನಿನಲ್ಲಿ ಮಾಡುವ ಕೆಲಸ

ಕನ್ನಡ ಪತ್ರಿಕೆಗಳಲ್ಲಿ ‘ನಿರ್ಣಾಯಕ’ ಎಂಬ ಪದ ಕಾಣಿಸದ ದಿನವಿಲ್ಲ. ಸರಣಿಯ ಕೊನೆಯ ಕ್ರಿಕೆಟ್ ಪಂದ್ಯ ನಿರ್ಣಾಯಕ, ಉಪಚುನಾವಣೆಯಲ್ಲಿ ಯಾವುದೋ ಒಂದು ಸಮುದಾಯದ ಮತ ನಿರ್ಣಾಯಕ, ಸಂಪುಟ ವಿಸ್ತರಣೆಯ ವಿಷಯದಲ್ಲಿ ಮುಂದಿನ ವಾರದ ದೆಹಲಿ ಭೇಟಿ ನಿರ್ಣಾಯಕ. ಇಂತಹ ಬಳಕೆಯಿಂದಾಗಿ ಆ ಪದದ ಅರ್ಥ ‘ಬಹಳ ಮುಖ್ಯ’ ಎನ್ನುವಷ್ಟಕ್ಕೆ ಸವೆದುಹೋಗಿದೆ. ನ್ಯಾಯಾಲಯದೊಳಗೆ ಮಾತ್ರ ಅದಕ್ಕೆ ಬೇರೆಯೇ ತೂಕವಿದೆ. ಅಲ್ಲಿ ಒಂದು ಸಂಗತಿಯನ್ನು ‘ನಿರ್ಣಾಯಕ ಪುರಾವೆ’ ಎಂದು ಕರೆದರೆ, ಅದರ ವಿರುದ್ಧ ಎಷ್ಟೇ ಬಲವಾದ ಸಾಕ್ಷ್ಯ ತಂದರೂ ನ್ಯಾಯಾಧೀಶರು ಅದನ್ನು ನೋಡುವಂತಿಲ್ಲ ಎಂದರ್ಥ.

ಈ ವ್ಯತ್ಯಾಸವನ್ನು ಈಗ ವಿವರಿಸಬೇಕಾದ ಕಾರಣವಿದೆ. ದೇಶದ ಭೂ ದಾಖಲೆಗಳನ್ನೆಲ್ಲ ‘ನಿರ್ಣಾಯಕ ಹಕ್ಕುಪತ್ರ’ದ ವ್ಯವಸ್ಥೆಗೆ ಒಯ್ಯಬೇಕೆಂಬ ಮಾತು ಒಂದೂವರೆ ದಶಕಕ್ಕೂ ಹೆಚ್ಚು ಕಾಲದಿಂದ ಕೇಂದ್ರದ ಯೋಜನೆಗಳಲ್ಲಿದೆ. 2025ರ ನವೆಂಬರ್ 7ರಂದು ಬಿಹಾರದ ನೋಂದಣಿ ನಿಯಮಗಳನ್ನು ಕುರಿತ ತೀರ್ಪಿನಲ್ಲಿ ನ್ಯಾಯಮೂರ್ತಿ ಪಿ.ಎಸ್. ನರಸಿಂಹ ಮತ್ತು ನ್ಯಾಯಮೂರ್ತಿ ಜಾಯ್‌ಮಾಲ್ಯ ಬಾಗ್ಚಿ ಅವರ ಸುಪ್ರೀಂ ಕೋರ್ಟ್ ಪೀಠ ಇದೇ ವಿಷಯವನ್ನು ಮತ್ತೆ ಎತ್ತಿತು. ಮಾರುವವರ ಹೆಸರಿಗೆ ಜಮೀನಿನ ದಾಖಲೆ ಬದಲಾಗಿರುವುದಕ್ಕೆ ಪುರಾವೆ ಕೊಡದಿದ್ದರೆ ಕ್ರಯಪತ್ರವನ್ನು ನೋಂದಾಯಿಸಿಕೊಳ್ಳಬೇಕಾಗಿಲ್ಲ ಎಂಬ ನಿಯಮವನ್ನು ಪೀಠ ರದ್ದುಪಡಿಸಿತು. ಅಷ್ಟಕ್ಕೇ ನಿಲ್ಲದೆ, ನಮ್ಮಲ್ಲಿ ನೋಂದಣಿಯೇ ಬೇರೆ, ಮಾಲೀಕತ್ವವೇ ಬೇರೆ ಆಗಿರುವುದರ ತೊಂದರೆಗಳನ್ನು ಹೇಳಿ, ಸಿವಿಲ್ ವ್ಯಾಜ್ಯಗಳಲ್ಲಿ ಸುಮಾರು ಶೇ 66ರಷ್ಟು ಆಸ್ತಿಗೆ ಸಂಬಂಧಿಸಿದವು ಎಂಬ ವರದಿಯನ್ನು ಉಲ್ಲೇಖಿಸಿ, ಬ್ಲಾಕ್‌ಚೈನ್ ತಂತ್ರಜ್ಞಾನದ ನೆರವಿನಿಂದ ಹೊಸ ವ್ಯವಸ್ಥೆ ಸಾಧ್ಯವೇ ಎಂದು ಪರಿಶೀಲಿಸುವಂತೆ ಕಾನೂನು ಆಯೋಗಕ್ಕೆ ಸೂಚಿಸಿತು. ತೀರ್ಪು ಬಂದ ಮೇಲೆ ಚರ್ಚೆಯೆಲ್ಲ ಬ್ಲಾಕ್‌ಚೈನ್ ಸುತ್ತ ಸುತ್ತಿತು. ನನ್ನ ದೃಷ್ಟಿಯಲ್ಲಿ ಮೊದಲು ನಿಂತು ನೋಡಬೇಕಾದದ್ದು ‘ನಿರ್ಣಾಯಕ’ ಎಂಬ ಪದವನ್ನೇ. ತಂತ್ರಜ್ಞಾನ ದಾಖಲೆಯನ್ನು ತಿದ್ದದಂತೆ ಕಾಯಬಲ್ಲದು. ಆ ದಾಖಲೆಯ ವಿರುದ್ಧ ಯಾರೂ ಮಾತನಾಡಕೂಡದು ಎಂದು ಹೇಳುವ ಅಧಿಕಾರ ಶಾಸನಕ್ಕೆ ಮಾತ್ರ ಇದೆ.

ಪದದ ಮೂಲ ಇರುವುದು ಸಾಕ್ಷ್ಯ ಕಾನೂನಿನಲ್ಲಿ. ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ರಚಿಸಿದ 1872ರ ಭಾರತೀಯ ಸಾಕ್ಷ್ಯ ಕಾಯ್ದೆ ತನ್ನ 4ನೇ ಸೆಕ್ಷನ್‌ನಲ್ಲಿ ಊಹೆಯನ್ನು ಮೂರು ಮಟ್ಟಗಳಲ್ಲಿ ಇಟ್ಟಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದೇ ಮೂರನ್ನು ತನ್ನ 2ನೇ ಸೆಕ್ಷನ್‌ನ ವ್ಯಾಖ್ಯೆಗಳಲ್ಲಿ ಉಳಿಸಿಕೊಂಡಿದೆ. ಮೊದಲನೆಯದು ‘ಊಹಿಸಬಹುದು’: ನ್ಯಾಯಾಲಯ ಬೇಕಿದ್ದರೆ ಒಂದು ಸಂಗತಿಯನ್ನು ಒಪ್ಪಿಕೊಳ್ಳಬಹುದು, ಬೇಡವೆನಿಸಿದರೆ ಪುರಾವೆ ಕೇಳಬಹುದು. ಎರಡನೆಯದು ‘ಊಹಿಸತಕ್ಕದ್ದು’: ಸುಳ್ಳೆಂದು ಯಾರಾದರೂ ತೋರಿಸುವವರೆಗೆ ನ್ಯಾಯಾಲಯ ಆ ಸಂಗತಿಯನ್ನು ಸಾಬೀತಾಗಿದೆ ಎಂದೇ ಹಿಡಿಯಬೇಕು. ಮೂರನೆಯದು ‘ನಿರ್ಣಾಯಕ ಪುರಾವೆ’: ಒಂದು ಸಂಗತಿ ಸಾಬೀತಾದ ಕೂಡಲೇ ಇನ್ನೊಂದನ್ನು ಸಾಬೀತಾಗಿದೆ ಎಂದು ಪರಿಗಣಿಸಬೇಕು, ಮತ್ತು ಅದನ್ನು ಅಲ್ಲಗಳೆಯುವ ಸಾಕ್ಷ್ಯಕ್ಕೆ ಅವಕಾಶವನ್ನೇ ಕೊಡಕೂಡದು.

ಎರಡನೆಯ ಮತ್ತು ಮೂರನೆಯ ಮಟ್ಟಗಳ ನಡುವಿನ ಅಂತರವೇ ಈ ಲೇಖನದ ವಿಷಯ. ಎರಡನೆಯದು ಪುರಾವೆಯ ಹೊರೆ ಯಾರ ಮೇಲೆ ಎಂದು ಹೇಳುತ್ತದೆ. ಮೂರನೆಯದು ಪುರಾವೆಯ ಬಾಗಿಲನ್ನೇ ಮುಚ್ಚುತ್ತದೆ. ಮುಚ್ಚಿದ ಮಾತ್ರಕ್ಕೆ ಒಳಗಿರುವುದು ಸತ್ಯವೆಂದೇನೂ ಆಗುವುದಿಲ್ಲ. ಸತ್ಯವನ್ನು ಮತ್ತೆ ಮತ್ತೆ ಕೆದಕುವುದರಿಂದ ಆಗುವ ಕೇಡು, ಒಂದಿಷ್ಟು ತಪ್ಪನ್ನು ಸಹಿಸಿಕೊಳ್ಳುವುದಕ್ಕಿಂತ ದೊಡ್ಡದು ಎಂದು ಶಾಸನಸಭೆ ತೀರ್ಮಾನಿಸಿದೆ ಎಂದಷ್ಟೇ ಅದರ ಅರ್ಥ. ಹೀಗಾಗಿ ನಿರ್ಣಾಯಕತೆ ಎಂಬುದು ಜ್ಞಾನದ ಮಾತಲ್ಲ, ನೀತಿಯ ಮಾತು.

ಇದನ್ನು ‘ಅಂತಿಮ’ ಎಂಬ ಪದದೊಂದಿಗೆ ಬೆರೆಸುವುದು ಸುದ್ದಿಮನೆಗಳಲ್ಲಷ್ಟೇ ಅಲ್ಲ, ಸರ್ಕಾರಿ ಟಿಪ್ಪಣಿಗಳಲ್ಲೂ ಕಾಣುತ್ತದೆ. ಅಂತಿಮ ಎನ್ನುವುದು ವೇದಿಕೆಗೆ ಸಂಬಂಧಿಸಿದ್ದು: ಇದರ ಮೇಲೆ ಮತ್ತೊಂದು ಮೇಲ್ಮನವಿ ಇಲ್ಲ ಎಂದು ಅದು ಹೇಳುತ್ತದೆ. ಆ ಮಾತಿಗೂ ಮಿತಿ ಇದೆ ಎಂಬುದನ್ನು ಕನ್ನಡಿಗರಿಗೆ ಬೇರೆ ಹೇಳಬೇಕಾಗಿಲ್ಲ. ಕಾವೇರಿ ನ್ಯಾಯಮಂಡಳಿಯ ‘ಅಂತಿಮ’ ತೀರ್ಪು ಬಂದದ್ದು 2007ರ ಫೆಬ್ರುವರಿ 5ರಂದು. ಅಂತರರಾಜ್ಯ ಜಲವಿವಾದ ಕಾಯ್ದೆಯ ಪ್ರಕಾರ ಅಲ್ಲಿಗೆ ಮಾತು ಮುಗಿಯಬೇಕಿತ್ತು ಎಂಬ ವಾದವನ್ನು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ತಳ್ಳಿಹಾಕಿ, ಸಂವಿಧಾನದ 136ನೇ ವಿಧಿಯಡಿ ಮೇಲ್ಮನವಿ ಕೇಳಲು ತನಗೆ ಅಧಿಕಾರವಿದೆ ಎಂದಿತು. 2018ರ ಫೆಬ್ರುವರಿ 16ರಂದು ಕರ್ನಾಟಕದ ಪಾಲನ್ನು 270 ಟಿಎಂಸಿಯಿಂದ 284.75 ಟಿಎಂಸಿಗೆ ಏರಿಸಿತು. ಶಾಸನ ‘ಅಂತಿಮ’ ಎಂದರೂ ಸಂವಿಧಾನ ಕೊಟ್ಟ ನ್ಯಾಯಾಂಗದ ಪರಿಶೀಲನಾಧಿಕಾರ ಉಳಿಯುತ್ತದೆ. ನಿರ್ಣಾಯಕ ಎಂಬುದರ ಪರಿಣಾಮ ಇದಕ್ಕಿಂತ ಸೂಕ್ಷ್ಮವಾದದ್ದು. ಮೇಲ್ಮನವಿಯ ದಾರಿ ತೆರೆದೇ ಇರುತ್ತದೆ, ಮೂರು ಹಂತದ ನ್ಯಾಯಾಲಯಗಳು ಪ್ರಕರಣವನ್ನು ಕೇಳುತ್ತವೆ. ಆದರೆ ಅಲ್ಲಿ ಹೇಳಬೇಕಾದ ಮುಖ್ಯ ಮಾತನ್ನು ಹೇಳಲು ಅವಕಾಶ ಇರುವುದಿಲ್ಲ.

ಹಾಗೆ ಆದದ್ದಕ್ಕೆ ಭೂಸ್ವಾಧೀನದ ಇತಿಹಾಸದಲ್ಲೇ ಉದಾಹರಣೆ ಇದೆ. 1894ರ ಭೂಸ್ವಾಧೀನ ಕಾಯ್ದೆಯ 6(3)ನೇ ಸೆಕ್ಷನ್, ಜಮೀನು ಸಾರ್ವಜನಿಕ ಉದ್ದೇಶಕ್ಕೆ ಬೇಕಾಗಿದೆ ಎಂಬ ಸರ್ಕಾರದ ಘೋಷಣೆಯೇ ಆ ಅಗತ್ಯಕ್ಕೆ ನಿರ್ಣಾಯಕ ಸಾಕ್ಷ್ಯ ಎಂದಿತ್ತು. 1962ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಮುಂದೆ ಬಂದ ಪಂಜಾಬಿನ ಪ್ರಕರಣದಲ್ಲಿ, ಕಾಗದದ ಕಾರ್ಖಾನೆ ಕಟ್ಟಲೆಂದು ಕೊಂಡಿದ್ದ ಜಮೀನನ್ನು ಸರ್ಕಾರ ಶೈತ್ಯೀಕರಣದ ಕಂಪ್ರೆಸರ್ ತಯಾರಿಸುವ ಮತ್ತೊಂದು ಖಾಸಗಿ ಕಾರ್ಖಾನೆಗಾಗಿ ಸ್ವಾಧೀನಪಡಿಸಿಕೊಂಡಿತ್ತು. ಸಾರ್ವಜನಿಕ ಉದ್ದೇಶ ಎನ್ನಬೇಕಾದರೆ ಬೊಕ್ಕಸದಿಂದ ಒಂದಿಷ್ಟಾದರೂ ಹಣ ಸಂದಾಯವಾಗಬೇಕೆಂಬ ಷರತ್ತಿಗೆ ಸರ್ಕಾರ ಕೊಟ್ಟದ್ದು 100 ರೂಪಾಯಿ. ಜಮೀನು ಕಳೆದುಕೊಂಡವರು ಇದು ಯಾವ ಸಾರ್ವಜನಿಕ ಉದ್ದೇಶ ಎಂದು ಕೇಳಿದರು. ಘೋಷಣೆ ನಿರ್ಣಾಯಕ ಎಂದು ಕಾಯ್ದೆ ಹೇಳಿರುವಾಗ, ಅಧಿಕಾರದ ದುರ್ಬಳಕೆಯನ್ನು ತೋರಿಸಿದ ಹೊರತು, ಆ ಪ್ರಶ್ನೆಯನ್ನು ತಾನು ಕೈಗೆತ್ತಿಕೊಳ್ಳುವಂತಿಲ್ಲ ಎಂದಿತು ಬಹುಮತದ ತೀರ್ಪು. ನ್ಯಾಯಮೂರ್ತಿ ಕೆ. ಸುಬ್ಬರಾವ್ ಭಿನ್ನಮತ ಬರೆದರು. ಆ 100 ರೂಪಾಯಿಯನ್ನು ಓದಿದಾಗಲೆಲ್ಲ ನನಗೆ ಸುಬ್ಬರಾವ್ ಅವರ ಪಕ್ಷವೇ ಸರಿಯೆನಿಸುತ್ತದೆ. 2013ರ ಹೊಸ ಭೂಸ್ವಾಧೀನ ಕಾಯ್ದೆ ಪರಿಹಾರ, ಒಪ್ಪಿಗೆ, ಪುನರ್ವಸತಿಯ ವಿಷಯದಲ್ಲಿ ಹಳೆಯದರಿಂದ ಬಹುದೂರ ಬಂದಿದ್ದರೂ ಈ ಪದವನ್ನು ಮಾತ್ರ ಬಿಡಲಿಲ್ಲ. ಅದರ 19ನೇ ಸೆಕ್ಷನ್‌ನಲ್ಲಿ ಅದು ಇನ್ನೂ ಇದೆ.

ಪದ ಪ್ರತಿಬಾರಿಯೂ ಬಲಶಾಲಿಯ ಪರವಾಗಿಯೇ ನಿಲ್ಲುತ್ತದೆ ಎಂದೇನೂ ಇಲ್ಲ. ಅದರ ಅತ್ಯಂತ ಮಾನವೀಯವಾದ, ಹಾಗೆಯೇ ಅತ್ಯಂತ ವಿವಾದಿತವಾದ ಬಳಕೆ ಇರುವುದು ಮಕ್ಕಳ ವಿಷಯದಲ್ಲಿ. ಹಳೆಯ ಸಾಕ್ಷ್ಯ ಕಾಯ್ದೆಯ 112ನೇ ಸೆಕ್ಷನ್, ಈಗಿನ ಅಧಿನಿಯಮದ 116ನೇ ಸೆಕ್ಷನ್, ಹೀಗೆನ್ನುತ್ತದೆ: ಸಿಂಧುವಾದ ಮದುವೆ ಇರುವಾಗ, ಅಥವಾ ಅದು ಮುರಿದ 280 ದಿನಗಳೊಳಗೆ ತಾಯಿ ಮರುಮದುವೆಯಾಗದೆ ಇರುವಾಗ ಹುಟ್ಟಿದ ಮಗು ಆ ಗಂಡನ ಔರಸ (ಕಾನೂನುಬದ್ಧ) ಸಂತಾನ ಎಂಬುದಕ್ಕೆ ಆ ಜನನವೇ ನಿರ್ಣಾಯಕ ಪುರಾವೆ. ಇದಕ್ಕೆ ಇರುವುದು ಒಂದೇ ವಿನಾಯಿತಿ. ಗರ್ಭಧಾರಣೆ ಆಗಿರಬಹುದಾದ ಕಾಲದಲ್ಲಿ ಗಂಡ ಹೆಂಡತಿಗೆ ಪರಸ್ಪರ ಸಂಪರ್ಕದ ಅವಕಾಶವೇ ಇರಲಿಲ್ಲ ಎಂದು ತೋರಿಸಬೇಕು. ಒಂದೇ ಊರಿನಲ್ಲಿ ಬೇರೆ ಬೇರೆ ಮನೆಯಲ್ಲಿದ್ದರೆ ಸಾಲದು, ಜಗಳವಾಡಿಕೊಂಡಿದ್ದರೆ ಸಾಲದು, ಹೆಂಡತಿಗೆ ಬೇರೊಬ್ಬನ ಸಂಬಂಧವಿತ್ತು ಎಂದು ತೋರಿಸಿದರೂ ಸಾಲದು. 1872ರಲ್ಲಿ ರಕ್ತಸಂಬಂಧವನ್ನು ಅಳೆಯುವ ವಿಧಾನ ಯಾವುದೂ ಇರಲಿಲ್ಲ. ಗಂಡನ ಒಂದು ಸಂಶಯದ ಮಾತಿಗೆ ಮಗು ತನ್ನ ಹೆಸರನ್ನೂ ಜೀವನಾಂಶವನ್ನೂ ಆಸ್ತಿಯನ್ನೂ ಕಳೆದುಕೊಂಡು ಬೀದಿಗೆ ಬೀಳಬಾರದೆಂದು ಕಾನೂನು ಆ ಚರ್ಚೆಯನ್ನೇ ತಡೆದಿತ್ತು.

ಡಿಎನ್‌ಎ ಪರೀಕ್ಷೆ ಬಂದ ಮೇಲೆ ಈ ತಡೆಯ ಪರೀಕ್ಷೆಯೂ ಆರಂಭವಾಯಿತು. 2001ರಲ್ಲಿ ಸುಪ್ರೀಂ ಕೋರ್ಟ್, ಡಿಎನ್‌ಎ ಫಲಿತಾಂಶ ವೈಜ್ಞಾನಿಕವಾಗಿ ನಿಖರವೇ ಆಗಿದ್ದರೂ 112ನೇ ಸೆಕ್ಷನ್‌ನ ನಿರ್ಣಾಯಕತೆಯನ್ನು ದಾಟಲು ಅದು ಸಾಲದು ಎಂದಿತು. ‘ನಿಖರ’ಕ್ಕೂ ‘ನಿರ್ಣಾಯಕ’ಕ್ಕೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಿದ ಮತ್ತೊಂದು ತೀರ್ಪು ನನ್ನ ಗಮನಕ್ಕೆ ಬಂದಿಲ್ಲ. ಹದಿಮೂರು ವರ್ಷಗಳ ಬಳಿಕ, 2014ರ ಜನವರಿಯಲ್ಲಿ, ಮಹಾರಾಷ್ಟ್ರದ ಜೀವನಾಂಶ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯದ ಮತ್ತೊಂದು ಪೀಠ ಎದುರು ದಿಕ್ಕು ಹಿಡಿಯಿತು. ಅಲ್ಲಿ ಎರಡು ಬಾರಿ ನಡೆಸಿದ ಪರೀಕ್ಷೆಯೂ ಆ ವ್ಯಕ್ತಿ ಮಗುವಿನ ತಂದೆಯಲ್ಲ ಎಂದಿತ್ತು. ಶಾಸನ ಹೇಳುವ ನಿರ್ಣಾಯಕ ಪುರಾವೆಗೂ ಜಗತ್ತು ಒಪ್ಪಿದ ವೈಜ್ಞಾನಿಕ ಪುರಾವೆಗೂ ತಿಕ್ಕಾಟವಾದರೆ ವಿಜ್ಞಾನವೇ ಮೇಲುಗೈ ಪಡೆಯಬೇಕು, ಸತ್ಯ ಕಣ್ಣೆದುರಿಗೇ ಇರುವಾಗ ಕಟ್ಟುಕಥೆಗೆ ಜಾಗವಿಲ್ಲ ಎಂಬುದು ಆ ಪೀಠದ ನಿಲುವು. ಆದರೂ ಅಷ್ಟರವರೆಗೆ ಕೊಟ್ಟ ಜೀವನಾಂಶವನ್ನು ವಾಪಸ್ ಪಡೆಯಕೂಡದೆಂದು ಅದು ಹೇಳಿತು.

2014ರ ತೀರ್ಪು ಕೇಳಲು ಹಿತವಾಗಿದೆ. ಹೆಚ್ಚಿನ ಓದುಗರು ಅದನ್ನೇ ಸರಿಯೆನ್ನುವರು. ಆದರೆ ನಿರ್ಣಾಯಕ ಎಂಬ ಪದ ಕಾಯ್ದೆಯಲ್ಲಿ ಇದ್ದದ್ದೇ ಸತ್ಯವನ್ನು ಕೆಲವೊಮ್ಮೆ ಹೊರಗಿಡಲು ಎಂಬುದನ್ನು ಅದು ಮರೆತಂತಿದೆ. ಎರಡು ಪರೀಕ್ಷೆಗಳ ವರದಿ ಆಗಲೇ ಕಡತದೊಳಗೆ ಬಂದುಬಿಟ್ಟಿತ್ತು; ಬಂದ ಮೇಲೆ ಅದನ್ನು ನೋಡದಂತೆ ಇರುವುದು ಯಾವ ನ್ಯಾಯಾಧೀಶರಿಗೂ ಕಷ್ಟ. ಆದ್ದರಿಂದ ನಂತರದ ವಿವಾದವೆಲ್ಲ ಪರೀಕ್ಷೆಗೆ ಆದೇಶಿಸಬೇಕೇ ಬೇಡವೇ ಎಂಬ ಹಂತಕ್ಕೆ ಸರಿಯಿತು. 2023ರ ಫೆಬ್ರುವರಿಯಲ್ಲಿ ನ್ಯಾಯಮೂರ್ತಿ ವಿ. ರಾಮಸುಬ್ರಮಣಿಯನ್ ಮತ್ತು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಪೀಠ, ದಂಪತಿಯ ವ್ಯಭಿಚಾರದ ಜಗಳದಲ್ಲಿ ಮಗುವಿನ ಡಿಎನ್‌ಎಯನ್ನು ಅಡ್ಡದಾರಿಯ ಸಾಕ್ಷ್ಯವಾಗಿ ಬಳಸಲು ಬಿಡಲಿಲ್ಲ. ತನ್ನ ಹುಟ್ಟನ್ನು ವಿನಾಕಾರಣ ಪ್ರಶ್ನಿಸಿಕೊಳ್ಳದೆ ಇರುವ ಹಕ್ಕು ಮಗುವಿಗಿದೆ ಎಂದಿತು.

2025ರ ಜನವರಿ 28ರ ತೀರ್ಪಿನಲ್ಲಿ ಪ್ರಶ್ನೆ ತಲೆಕೆಳಗಾಗಿ ಬಂದಿತು. ಕೇರಳದ ಆ ಪ್ರಕರಣದಲ್ಲಿ ತಂದೆತನವನ್ನು ನಿರಾಕರಿಸಿದವನು ಗಂಡನಲ್ಲ. ಮಗನೇ ತನ್ನ ತಾಯಿಯ ಗಂಡ ತನ್ನ ತಂದೆಯಲ್ಲ, ಮತ್ತೊಬ್ಬ ವ್ಯಕ್ತಿ ತಂದೆ ಎಂದು ಹೇಳಿ ಆತನಿಂದ ಜೀವನಾಂಶ ಕೇಳಿದ್ದ. ಮದುವೆಯಾದದ್ದು 1989ರಲ್ಲಿ, ಮಗ ಹುಟ್ಟಿದ್ದು 2001ರಲ್ಲಿ, ಆಗ ಗಂಡ ಹೆಂಡತಿ ಜೊತೆಗೇ ಇದ್ದರು. ಔರಸತ್ವ ಬೇರೆ, ಜೈವಿಕ ಪಿತೃತ್ವ ಬೇರೆ, ಮೊದಲನೆಯದನ್ನು ಒಪ್ಪಿಕೊಂಡೇ ಎರಡನೆಯದನ್ನು ಪರೀಕ್ಷಿಸಬಹುದು ಎಂಬ ವಾದವನ್ನು ನ್ಯಾಯಮೂರ್ತಿ ಸೂರ್ಯಕಾಂತ್ ಮತ್ತು ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಒಪ್ಪಲಿಲ್ಲ. ಸಂಪರ್ಕಕ್ಕೆ ಅವಕಾಶವಿತ್ತು ಎಂದಾದ ಮೇಲೆ ಗಂಡನೇ ಕಾನೂನಿನ ದೃಷ್ಟಿಯಲ್ಲಿ ತಂದೆ. ಮೂರನೆಯ ವ್ಯಕ್ತಿಯನ್ನು ಬಲವಂತದ ಪರೀಕ್ಷೆಗೆ ಒಡ್ಡುವಂತಿಲ್ಲ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಮಗುವನ್ನು ಕಾಪಾಡಲು ಹುಟ್ಟಿದ ಸೆಕ್ಷನ್ ಈ ಬಾರಿ ಮಗ ಕೇಳಿದ್ದಕ್ಕೇ ಅಡ್ಡ ನಿಂತಿತು. ಒಮ್ಮೆ ನಿರ್ಣಾಯಕ ಎಂದು ಬರೆದ ಮೇಲೆ, ಅದರಿಂದ ಯಾರಿಗೆ ರಕ್ಷಣೆ ಸಿಗುತ್ತದೆ, ಯಾರಿಗೆ ನಿರಾಕರಣೆ ಸಿಗುತ್ತದೆ ಎಂಬುದು ಬರೆದವರ ಉದ್ದೇಶಕ್ಕೆ ಕಟ್ಟುಬಿದ್ದು ಇರುವುದಿಲ್ಲ.

ಈಗ ಜಮೀನಿನ ವಿಷಯಕ್ಕೆ ಬರೋಣ. ನಮ್ಮ ದೇಶದಲ್ಲಿ ಯಾವ ಸಾಮಾನ್ಯ ದಾಖಲೆಯೂ ಭೂಮಾಲೀಕತ್ವಕ್ಕೆ ನಿರ್ಣಾಯಕ ಪುರಾವೆಯಲ್ಲ ಎಂದರೆ ಹಲವರಿಗೆ ಇಂದಿಗೂ ಆಶ್ಚರ್ಯವಾಗುತ್ತದೆ. 1908ರ ನೋಂದಣಿ ಕಾಯ್ದೆಯಡಿ ಉಪನೋಂದಣಾಧಿಕಾರಿ ನೋಂದಾಯಿಸುವುದು ಪತ್ರವನ್ನು. ಇಂಥವರು ಇಂಥವರಿಗೆ ಇಂಥ ದಿನ ಇಂಥ ಸ್ವತ್ತನ್ನು ಬರೆದುಕೊಟ್ಟರು ಎಂಬುದಕ್ಕೆ ಮಾತ್ರ ಆ ಕಚೇರಿ ಸಾಕ್ಷಿ. ಬರೆದುಕೊಟ್ಟವರಿಗೆ ಬರೆದುಕೊಡುವ ಹಕ್ಕಿತ್ತೇ ಎಂದು ವಿಚಾರಿಸುವುದು ಅದರ ಕೆಲಸವಲ್ಲ. ಆದ್ದರಿಂದಲೇ ಒಂದು ಸೈಟು ಕೊಳ್ಳುವವರು ಮೂಲ ಪತ್ರದಿಂದ ಹಿಡಿದು ವಂಶವೃಕ್ಷ, ಇಸಿ (ಋಣಭಾರ ಪ್ರಮಾಣಪತ್ರ), ಭೂಪರಿವರ್ತನೆ ಆದೇಶಗಳವರೆಗೆ ಕಟ್ಟು ಕಟ್ಟಿಕೊಂಡು ವಕೀಲರ ಬಳಿ ‘ಲೀಗಲ್ ಒಪಿನಿಯನ್’ಗೆ ಹೋಗುತ್ತಾರೆ. ವಕೀಲರು ಕೂಡ ಕೊಡುವುದು ಅಭಿಪ್ರಾಯವನ್ನೇ.

ಪಹಣಿಯ ಸ್ಥಾನ ಇದಕ್ಕಿಂತ ಸ್ವಲ್ಪ ಮೇಲು, ಆದರೆ ಜನ ನಂಬಿರುವಷ್ಟು ಮೇಲಲ್ಲ. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 133ನೇ ಸೆಕ್ಷನ್ ಪ್ರಕಾರ ಹಕ್ಕುದಾಖಲೆಯ ನಮೂದನ್ನು, ವಿರುದ್ಧವಾದದ್ದು ಸಾಬೀತಾಗುವವರೆಗೆ ಅಥವಾ ಕಾನೂನುಬದ್ಧವಾಗಿ ಹೊಸ ನಮೂದು ಬರುವವರೆಗೆ, ನಿಜವೆಂದು ಊಹಿಸತಕ್ಕದ್ದು. ಅಂದರೆ ಅದು ಮೇಲೆ ಹೇಳಿದ ಎರಡನೆಯ ಮಟ್ಟದಲ್ಲಿದೆ. ಪಹಣಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ಅದರ ಸ್ವಭಾವ ತಿಳಿಯುತ್ತದೆ. 9ನೇ ಕಾಲಂನಲ್ಲಿ ಖಾತೆದಾರರ ಹೆಸರಿದ್ದರೆ, ಹಕ್ಕು ಹೇಗೆ ಬಂತು ಎಂಬುದು 10ನೆಯದರಲ್ಲಿ, ಇತರೆ ಹಕ್ಕು ಮತ್ತು ಋಣಗಳು 11ನೆಯದರಲ್ಲಿ, ಸಾಗುವಳಿದಾರರ ವಿವರ 12ನೆಯದರಲ್ಲಿ. ಒಂದೇ ಹಾಳೆಯ ಮೇಲೆ ಒಡೆತನ, ಸಾಲ, ಅನುಭವ ಮೂರೂ ಅಕ್ಕಪಕ್ಕ ಕುಳಿತಿವೆ. ಒಂದರ ನಮೂದು ಇನ್ನೊಂದನ್ನು ಪ್ರಶ್ನಿಸುವಂತೆಯೂ ಇರಬಹುದು. ಮೂಲತಃ ಅದು ಯಾರಿಂದ ಕಂದಾಯ ವಸೂಲು ಮಾಡಬೇಕು ಎಂದು ತಿಳಿಯಲು ಹುಟ್ಟಿದ ದಾಖಲೆ. ಖಾತೆ ಬದಲಾವಣೆಯಿಂದ ಹಕ್ಕು ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದ್ದನ್ನು ಅಲ್ಲಿಂದೀಚೆಗೆ ಹಲವು ಸಲ ಪುನರುಚ್ಚರಿಸಿದೆ. ನಗರದ ಖಾತೆಯೂ ಹೀಗೆಯೇ ತೆರಿಗೆಯ ಲೆಕ್ಕ. ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ಕಡ್ಡಾಯವಾದ ಇ-ಖಾತೆಯಲ್ಲಿ ‘ಕರಡು’ ಮತ್ತು ‘ಅಂತಿಮ’ ಎಂಬ ಎರಡು ಹಂತಗಳಿವೆ. ಅಂತಿಮ ಇ-ಖಾತೆ ಕೈಗೆ ಬಂತೆಂದು ಒಡೆತನದ ತಕರಾರೂ ಅಂತಿಮವಾಗಿ ಮುಗಿಯಿತೆಂದು ತಿಳಿಯುವವರ ಸಂಖ್ಯೆ ಕಡಿಮೆಯೇನಿಲ್ಲ.

ಗಣಕೀಕರಣ ಈ ಸ್ಥಿತಿಯನ್ನು ಬದಲಿಸಲಿಲ್ಲ. ‘ಭೂಮಿ’ ಯೋಜನೆಯಲ್ಲಿ ಕರ್ನಾಟಕ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ಗ್ರಾಮ ಲೆಕ್ಕಿಗರ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲದಂತೆ ಮಾಡಿ, ದೇಶಕ್ಕೇ ಮಾದರಿ ಎನಿಸಿತು. ಅದು ಸಣ್ಣ ಸಾಧನೆಯಲ್ಲ. ತಾಲ್ಲೂಕು ಕಚೇರಿಯ ಮುಂದೆ ಲಂಚ ಕೊಟ್ಟು ಪಹಣಿ ಬರೆಸಿಕೊಳ್ಳುತ್ತಿದ್ದ ಕಾಲವನ್ನು ಕಂಡವರಿಗೆ ಅದರ ಬೆಲೆ ಗೊತ್ತು. ಆದರೆ ಕಾಗದದಲ್ಲಿದ್ದ ತಪ್ಪೂ ಅದರೊಂದಿಗೇ ಕಂಪ್ಯೂಟರಿಗೆ ಹೋಯಿತು. ಅಜ್ಜ ತೀರಿಕೊಂಡು ಎಷ್ಟೋ ವರ್ಷಗಳಾದರೂ ಅವರ ಹೆಸರಿನಲ್ಲೇ ಉಳಿದಿರುವ ಪಹಣಿಗಳು, ಪೋಡಿಯಾಗದೆ, ಅಂದರೆ ಅಳತೆ ಮಾಡಿ ಭಾಗಗಳಿಗೆ ಬೇರೆ ಬೇರೆ ನಂಬರ್ ಕೊಡದೆ, ಹತ್ತಾರು ಹಿಸ್ಸೆದಾರರು ಒಂದೇ ಸರ್ವೆ ನಂಬರಿನಲ್ಲಿ ಸೇರಿಕೊಂಡಿರುವ ಜಮೀನುಗಳು, ಪಹಣಿಯ ವಿಸ್ತೀರ್ಣ ಸರ್ವೆ ಇಲಾಖೆಯ ದಾಖಲೆಯಾದ ಆಕಾರ್‌ಬಂದ್‌ನ ವಿಸ್ತೀರ್ಣಕ್ಕೆ ತಾಳೆಯಾಗದ ಪ್ರಕರಣಗಳು ರಾಜ್ಯದ ಯಾವ ತಾಲ್ಲೂಕಿನಲ್ಲೂ ಸಿಗುತ್ತವೆ. ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆಗಾಗಿ ಸರ್ಕಾರವೇ ಆಂದೋಲನ ನಡೆಸಬೇಕಾಗಿ ಬಂದಿದೆ. 2024ರ ಅಕ್ಟೋಬರ್‌ನಲ್ಲಿ ವಿಜಯಪುರ ಜಿಲ್ಲೆಯ ರೈತರ ಪಹಣಿಗಳ 11ನೇ ಕಾಲಂನಲ್ಲಿ ವಕ್ಫ್ ಆಸ್ತಿ ಎಂಬ ನಮೂದು ಮತ್ತು ನೋಟಿಸುಗಳ ವಿಷಯ ದೊಡ್ಡ ರಾಜಕೀಯ ವಿವಾದವಾಯಿತು. ಕೆಲವೇ ವಾರಗಳಲ್ಲಿ ಸರ್ಕಾರ ನೋಟಿಸುಗಳನ್ನು ಹಿಂಪಡೆಯಲು ಆದೇಶಿಸಿತು. ವಿವಾದದ ರಾಜಕೀಯ ಏನೇ ಇರಲಿ, ಕಾನೂನಿನ ದೃಷ್ಟಿಯಿಂದ ಒಂದು ಸಂಗತಿ ಮುಖ್ಯ: ಆ ನಮೂದನ್ನು ಪ್ರಶ್ನಿಸಲು ಸಾಧ್ಯವಾದದ್ದು, ಬದಲಾಯಿಸಲು ಸಾಧ್ಯವಾದದ್ದು ಪಹಣಿ ನಿರ್ಣಾಯಕವಲ್ಲದ ಕಾರಣಕ್ಕೇ.

ನಿರ್ಣಾಯಕ ಹಕ್ಕುಪತ್ರದ ಕಲ್ಪನೆ ಬಂದದ್ದು ದಕ್ಷಿಣ ಆಸ್ಟ್ರೇಲಿಯಾದಿಂದ. ಅಲ್ಲಿ ರಾಬರ್ಟ್ ಟೊರೆನ್ಸ್ 1858ರಲ್ಲಿ ಜಾರಿಗೆ ತಂದ ಪದ್ಧತಿಯಲ್ಲಿ ಪತ್ರಗಳ ಸರಪಳಿಗೆ ಬೆಲೆಯಿಲ್ಲ. ಸರ್ಕಾರಿ ರಿಜಿಸ್ಟರಿನಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅದಕ್ಕೆ ಸರ್ಕಾರವೇ ಖಾತರಿ. ಇದರಿಂದ ಕೊಳ್ಳುವವರಿಗೆ ಆಗುವ ಅನುಕೂಲ ಹೇಳತೀರದು. ತೆರಬೇಕಾದ ಬೆಲೆ ಏನೆಂಬುದನ್ನು 1967ರಲ್ಲಿ ನ್ಯೂಜಿಲೆಂಡಿನಿಂದ ಅದರ ಆಗಿನ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾದ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋದ ಪ್ರಕರಣ ತೋರಿಸುತ್ತದೆ. ಹೆಂಡತಿ ಗಂಡನ ಸಹಿಯನ್ನು ನಕಲು ಮಾಡಿ ಮನೆಯನ್ನು ಅಡವಿಟ್ಟಳು. ಸಾಲ ತೀರದಾಗ ಸಾಲ ಕೊಟ್ಟವರು ಅದನ್ನು ಮಾರಿದರು. ಕೊಂಡವರ ಹೆಸರು ರಿಜಿಸ್ಟರಿಗೆ ಏರಿತು. ಸಹಿ ಖೋಟಾ ಎಂಬುದು ಪ್ರಶ್ನಾತೀತವಾಗಿದ್ದರೂ ಗಂಡನಿಗೆ ಮನೆ ವಾಪಸ್ ಬರಲಿಲ್ಲ. ನಮ್ಮ ಈಗಿನ ಕಾನೂನಿನಲ್ಲಿ ಖೋಟಾ ಪತ್ರದಿಂದ ಯಾರಿಗೂ ಹಕ್ಕು ಹುಟ್ಟುವುದಿಲ್ಲ, ಆದ್ದರಿಂದ ನಷ್ಟ ಕೊಂಡವರದು. ಟೊರೆನ್ಸ್ ಪದ್ಧತಿಯಲ್ಲಿ ನಷ್ಟ ಹಳೆಯ ಮಾಲೀಕರದು. ಇಬ್ಬರೂ ನಿರಪರಾಧಿಗಳು. ಅಂತಹ ದೇಶಗಳು ಈ ಅನ್ಯಾಯವನ್ನು ಸಹಿಸಿಕೊಳ್ಳುವುದು ಹಕ್ಕು ಕಳೆದುಕೊಂಡವರಿಗೆ ಪರಿಹಾರ ಕೊಡುವ ನಿಧಿಯೊಂದನ್ನು ಪಕ್ಕದಲ್ಲೇ ಇಟ್ಟುಕೊಂಡು.

ನೀತಿ ಆಯೋಗ 2020ರಲ್ಲಿ ರಾಜ್ಯಗಳಿಗೆ ಕಳುಹಿಸಿದ ಮಾದರಿ ಕಾಯ್ದೆ ಈ ದಾರಿಯಲ್ಲೇ ಸಾಗುತ್ತದೆ. ಹಕ್ಕುಗಳ ರಿಜಿಸ್ಟರ್ ಪ್ರಕಟವಾದ ಮೂರು ವರ್ಷಗಳೊಳಗೆ ತಕರಾರು ಸಲ್ಲಿಸದಿದ್ದರೆ ನಮೂದು ತಾನಾಗಿ ನಿರ್ಣಾಯಕವಾಗುತ್ತದೆ. ತಕರಾರುಗಳಿಗೆ ಪ್ರತ್ಯೇಕ ಅಧಿಕಾರಿ, ಅದರ ಮೇಲೆ ನ್ಯಾಯಮಂಡಳಿ, ಕೊನೆಗೆ ಹೈಕೋರ್ಟಿನ ವಿಶೇಷ ಪೀಠ. ಆಂಧ್ರಪ್ರದೇಶ ಇದೇ ಮಾದರಿಯಲ್ಲಿ ಕಾಯ್ದೆ ಮಾಡಿ 2023ರ ಅಕ್ಟೋಬರ್ ಕೊನೆಯಲ್ಲಿ ಜಾರಿಗೆ ತಂದಿತು. ಸಿವಿಲ್ ನ್ಯಾಯಾಲಯದ ಬದಲು ಅಧಿಕಾರಿಯ ಮುಂದೆ ನಿಲ್ಲಬೇಕಾಗುವುದನ್ನು ವಿರೋಧಿಸಿ ವಕೀಲರು ಬೀದಿಗಿಳಿದರು. ಪಾಸ್‌ಬುಕ್ಕಿನ ಮೇಲೂ ಸರ್ವೆ ಕಲ್ಲುಗಳ ಮೇಲೂ ಅಂದಿನ ಮುಖ್ಯಮಂತ್ರಿಯ ಹೆಸರು ಚಿತ್ರಗಳಿದ್ದುದು ಜಮೀನು ಸರ್ಕಾರದ ಕೈಗೆ ಹೋಗುತ್ತಿದೆ ಎಂಬ ಭಯಕ್ಕೆ ಬೆಂಬಲವಾಯಿತು. 2024ರ ಚುನಾವಣೆಯಲ್ಲಿ ಅದು ದೊಡ್ಡ ವಿಷಯವಾಗಿ, ಹೊಸ ಸರ್ಕಾರ ಕಾಯ್ದೆಯನ್ನೇ ರದ್ದುಪಡಿಸಿತು. ಭಯದಲ್ಲಿ ಉತ್ಪ್ರೇಕ್ಷೆ ಇತ್ತು. ಅದರ ತಿರುಳಿನಲ್ಲಿದ್ದ ಪ್ರಶ್ನೆ ಮಾತ್ರ ಸರಿಯಾಗಿತ್ತು: ಗಡುವಿನೊಳಗೆ ತಕರಾರು ಹೇಳಲು ಬಾರದವರ ಗತಿಯೇನು?

ಕರ್ನಾಟಕದಲ್ಲಿ ಆ ಪ್ರಶ್ನೆಯ ಮೊದಲ ಸಾಲಿನಲ್ಲಿ ನಿಲ್ಲುವವರು ಹೆಣ್ಣುಮಕ್ಕಳು. ರಾಜ್ಯದ ತಿದ್ದುಪಡಿಯಿಂದ 1994ರಲ್ಲೇ, ಕೇಂದ್ರದ ತಿದ್ದುಪಡಿಯಿಂದ 2005ರಲ್ಲಿ ಅವರಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಸಮನಾದ ಹಕ್ಕು ಬಂದಿತು. 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಹಕ್ಕು ಹೀಗೆ ಕಾಯ್ದೆಯಲ್ಲಿದೆ. ಪಹಣಿಯ 9ನೇ ಕಾಲಂನಲ್ಲಿ ಇರುವುದು ಬಹಳ ಮಟ್ಟಿಗೆ ಅಣ್ಣತಮ್ಮಂದಿರ ಹೆಸರು. ಹೊಸಪೇಟೆಗೆ ಮದುವೆಯಾಗಿ ಹೋದ ಮಗಳು ಹಾಸನದ ತವರಿನ ಜಮೀನಿನ ಬಗ್ಗೆ ಪ್ರಕಟವಾದ ಅಧಿಸೂಚನೆಯನ್ನು ಮೂರು ವರ್ಷದೊಳಗೆ ನೋಡಿ, ಅಣ್ಣನ ವಿರುದ್ಧ ಅಧಿಕಾರಿಯ ಮುಂದೆ ತಕರಾರು ಸಲ್ಲಿಸುವಳೆಂದು ನಂಬುವುದು ಕಷ್ಟ. ಇಂದು ಆಕೆ ಭಾಗದ ದಾವೆ ಹೂಡಿದರೆ ಪಹಣಿಯ ಊಹೆಯನ್ನು ವಂಶವೃಕ್ಷವೊಂದೇ ಮುರಿಯಬಲ್ಲದು. ನಮೂದು ನಿರ್ಣಾಯಕವಾದ ಮರುದಿನ ಅದೇ ವಂಶವೃಕ್ಷವನ್ನು ತೋರಿಸಲು ಆಕೆಗೆ ಅವಕಾಶವಿರುವುದಿಲ್ಲ.

ಎರಡನೆಯವರು ಸರ್ಕಾರ ಮಂಜೂರು ಮಾಡಿದ ಜಮೀನು ಪಡೆದ ಪರಿಶಿಷ್ಟ ಜಾತಿ, ಪಂಗಡಗಳ ಕುಟುಂಬಗಳು. ಅಂತಹ ಜಮೀನಿನ ಪರಭಾರೆಯನ್ನು ನಿಷೇಧಿಸುವ 1978ರ ಪಿಟಿಸಿಎಲ್ ಕಾಯ್ದೆ, ಅನುಮತಿಯಿಲ್ಲದೆ ನಡೆದ ಮಾರಾಟವನ್ನು ಅಸಿಂಧುವೆನ್ನುತ್ತದೆ. ಸಮಂಜಸ ಕಾಲಮಿತಿಯೊಳಗೆ ಅರ್ಜಿ ಹಾಕಿರಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಕಾಲಮಿತಿಯೇ ಇಲ್ಲವೆಂದು ರಾಜ್ಯ 2023ರಲ್ಲಿ ತಿದ್ದುಪಡಿ ತಂದಿತು. ಒಂದು ಕಡೆ ‘ಎಂದಿಗೂ ತಡವಾಗಲಿಲ್ಲ’ ಎನ್ನುವ ಕಾಯ್ದೆ, ಇನ್ನೊಂದು ಕಡೆ ‘ಮೂರು ವರ್ಷಕ್ಕೆ ಮುಗಿಯಿತು’ ಎನ್ನುವ ಕರಡು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲಾಗದು; ಯಾವುದನ್ನು ಬಿಡಬೇಕೆಂಬ ತೀರ್ಮಾನ ರಾಜಕೀಯವಾದದ್ದು, ಯಾವ ಸಾಫ್ಟ್‌ವೇರ್ ಕೂಡ ಅದನ್ನು ಮಾಡಿಕೊಡದು.

ಹಾಗೆಂದು ಈಗಿನ ವ್ಯವಸ್ಥೆಯೇ ಚೆನ್ನಾಗಿದೆ ಎನ್ನುವ ವಾದವೂ ನಿಲ್ಲುವುದಿಲ್ಲ. ಎಲ್ಲವನ್ನೂ ಎಂದೆಂದಿಗೂ ಪ್ರಶ್ನಿಸಬಹುದಾದಲ್ಲಿ ಲಾಭ ಪಡೆಯುವವರು ದಾವೆ ನಡೆಸಲು ದುಡ್ಡಿರುವವರೇ. ಕಾನೂನು ಕೂಡ ಕೆಲವು ಬಾಗಿಲುಗಳನ್ನು ಎಂದೋ ಮುಚ್ಚಿದೆ. ಖಾಸಗಿ ಜಮೀನನ್ನು 12 ವರ್ಷ ಬಹಿರಂಗವಾಗಿ, ಒಡೆಯರಿಗೆ ಪ್ರತಿಕೂಲವಾಗಿ ಅನುಭವಿಸಿದವರ ವಿರುದ್ಧ ಸ್ವಾಧೀನದ ದಾವೆ ನಿಲ್ಲುವುದಿಲ್ಲ ಎಂಬ ಕಾಲಮಿತಿ ಕಾಯ್ದೆಯ ನಿಯಮ ಅಂಥದ್ದೇ. ಸರ್ವೆ ಸರಿಯಾಗಿ ಮುಗಿದು, ಪೋಡಿಯಾಗಿ, ಪೌತಿ ಖಾತೆಯಲ್ಲಿ ಹೆಣ್ಣುಮಕ್ಕಳ ಹೆಸರೂ ಏರಿದ ಹಳ್ಳಿಗಳಿಂದ ಆರಂಭಿಸಿ, ಪರಿಹಾರ ನಿಧಿಗೆ ಮೊದಲೇ ಹಣ ಇಟ್ಟು, ಹಂತಹಂತವಾಗಿ ಹೋದರೆ ನಿರ್ಣಾಯಕ ಹಕ್ಕುಪತ್ರ ಒಳ್ಳೆಯದನ್ನೇ ಮಾಡೀತು. ನಿಧಿಯಿಲ್ಲದೆ ಬರೀ ಪದವನ್ನು ತಂದರೆ, ದಾಖಲೆಯ ಇಂದಿನ ತಪ್ಪುಗಳಿಗೆ ಶಾಶ್ವತ ಮುದ್ರೆ ಒತ್ತಿದಂತಾಗುತ್ತದೆ.

ಕರ್ನಾಟಕದ ಕಂದಾಯ ಕಾಯ್ದೆಯ 135ನೇ ಸೆಕ್ಷನ್, ಹಕ್ಕುದಾಖಲೆಯ ನಮೂದಿಗಾಗಿ ಸರ್ಕಾರದ ಮೇಲೆ ದಾವೆ ಹೂಡುವಂತಿಲ್ಲ ಎನ್ನುತ್ತದೆ. ಅದರ ಪರಂತುಕ (ಸೆಕ್ಷನ್‌ಗೆ ಸೇರಿಸಿದ ವಿನಾಯಿತಿ) ಮಾತ್ರ, ನಮೂದಿನಿಂದ ಬಾಧಿತರಾದವರು ತಮ್ಮ ಹಕ್ಕನ್ನು ಅಲ್ಲಗಳೆಯುವವರ ಮೇಲೆ ಹಕ್ಕು ಘೋಷಣೆಗೆ ದಾವೆ ಹೂಡಬಹುದು, ಘೋಷಣೆ ಸಿಕ್ಕರೆ ದಾಖಲೆಯನ್ನು ಅದಕ್ಕೆ ತಕ್ಕಂತೆ ತಿದ್ದಬೇಕು ಎಂದು ಹೇಳುತ್ತದೆ. ರಾಜ್ಯದಲ್ಲಿ ದಿನವೂ ನಡೆಯುವ ಸಾವಿರಾರು ಭೂ ದಾವೆಗಳು ನಿಂತಿರುವುದು ಈ ಪರಂತುಕದ ಆಧಾರದ ಮೇಲೆ. ನಿರ್ಣಾಯಕ ಹಕ್ಕುಪತ್ರದ ಕರಡು ಮಸೂದೆ ಯಾವಾಗ ಸದನಕ್ಕೆ ಬಂದರೂ, ಪೀಠಿಕೆಯನ್ನೂ ತಂತ್ರಜ್ಞಾನದ ಅಧ್ಯಾಯವನ್ನೂ ಬದಿಗಿಟ್ಟು, ಆ ಪರಂತುಕ ಉಳಿದಿದೆಯೇ, ಹೋಗಿದ್ದರೆ ಅದರ ಜಾಗದಲ್ಲಿ ಎಷ್ಟು ವರ್ಷದ ಗಡುವನ್ನೂ ಎಷ್ಟು ಹಣದ ಪರಿಹಾರವನ್ನೂ ಬರೆದಿದ್ದಾರೆ ಎಂಬುದನ್ನು ಮೊದಲು ಓದಬೇಕು.